ಮಷೀನಿಗೂ ಒಂದು ಚೊಂಬು ನೀರು

ಪಾತ್ರೆ ತೊಳೆಯುವ ಮಷೀನು ಬೇಕೆಂದು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಕಾನಸೂರಿನಿಂದ ಸಿದ್ದಾಪುರದ ಕಡೆ ಹೋಗುವ ದಾರಿಯಲ್ಲಿ, ಹಲಸಿನಜಡ್ಡಿ ಕ್ರಾಸಿನಲ್ಲಿ ಕಿಶೋರ ಹೆಗಡೆಯ ಪಂಪಿನ ಅಂಗಡಿ. ಎರಡು ಸಾವಿರದ ಆರನೇ ಇಸವಿಯಲ್ಲಿ ಕಂಪನಿಯವರು ಹೇಳಿದ್ದಕ್ಕಿಂತ ಹೆಚ್ಚು ಪಂಪು ಮಾರಿದನೆಂದು ಅವನನ್ನು ಹುಬ್ಬಳ್ಳಿಗೆ ಕರೆಸಿ, ಹೋಟೆಲಿನಲ್ಲಿ ಊಟ ಹಾಕಿ, ಶಾಲು ಹೊದೆಸಿ, ಒಂದು ದೊಡ್ಡ ರಟ್ಟಿನ ಪೆಟ್ಟಿಗೆಯನ್ನು ಕೊಟ್ಟು ಕಳಿಸಿದರು. ಬಟ್ಟೆ ಒಗೆಯುವ ಮಷೀನು ಎಂದುಕೊಂಡು ಅವನು ಟೆಂಪೋಕ್ಕೆ ಹೇರಿಕೊಂಡು ಬಂದ. ಅಂಗಳದಲ್ಲಿ ಬಿಚ್ಚಿ ನೋಡಿದರೆ ಒಳಗೆ ತೊಟ್ಟಿಯೇ ಇಲ್ಲ. ಮೇಲೊಂದು ಕೆಳಗೊಂದು ತಂತಿಯ ಗೂಡು.

"ಇದೆಂತದಾ ಕಿಶೋರ, ಕೋಳಿಗೂಡಿನ ಹಾಂಗೆ ಕಾಣ್ತಲ" ಎಂದಳು ಅವನ ತಾಯಿ ಲಕ್ಷ್ಮೀ.

ಒಳಗಿದ್ದ ಇಂಗ್ಲಿಷ್ ಪುಸ್ತಕವನ್ನು ಹೆಂಡತಿ ಪರಿಮಳಾ ತಿರುವಿ ನೋಡಿದಳು. ಪಿಯುಸಿಯವರೆಗೆ ಓದಿದವಳು. ಅಕ್ಷರ ಅರ್ಧ, ಚಿತ್ರ ಅರ್ಧ ಸೇರಿಸಿಕೊಂಡು ಓದಿ, "ಪಾತ್ರೆ ತೊಳೆಯ ಮಷೀನಡ" ಎಂದಳು. ಕಿಶೋರ ನಕ್ಕ. ಲಕ್ಷ್ಮೀ ನಗಲಿಲ್ಲ. ಪರಿಮಳಾ ಆ ಪುಸ್ತಕವನ್ನು ಮಡಚಿ ಸೆರಗಿನೊಳಗೆ ಇಟ್ಟುಕೊಂಡಳು. ಆ ಮನೆಯಲ್ಲಿ ಆ ಮಷೀನು ಬೇಕಾದವಳು ಅವಳೊಬ್ಬಳೇ. ಯಾಕೆ ಬೇಕು ಎಂಬುದನ್ನು ಮಾತ್ರ ಅವಳು ಆ ದಿನ ಬಾಯಿಬಿಟ್ಟು ಹೇಳಲಿಲ್ಲ.

ಹಿಂದಿನ ವರ್ಷದ ಚುನಾವಣೆಯಲ್ಲಿ ಊರಿನ ಪಂಚಾಯತಿ ಸೀಟು ಹೆಂಗಸರಿಗೆ ಹೋಯಿತು. ಕಿಶೋರ ಹೆಂಡತಿಯ ಹೆಸರಿನಲ್ಲಿ ಅರ್ಜಿ ಹಾಕಿದ. ಎದುರಾಳಿ ಯಾರೂ ಇರಲಿಲ್ಲ. ಪರಿಮಳಾ ಮೆಂಬರಾದಳು, ಸಭೆಗೆ ಹೋಗುವವನು ಕಿಶೋರನಾದ. ಸಭೆ ಮುಗಿದ ಮೇಲೆ ಪಂಚಾಯತಿಯ ಜವಾನ ಹಾಜರಿ ಪುಸ್ತಕವನ್ನು ಸೈಕಲ್ಲಿಗೆ ಸಿಕ್ಕಿಸಿಕೊಂಡು ಮನೆಗೆ ತರುತ್ತಿದ್ದ. ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಸಹಿ ಹಾಕುತ್ತಿದ್ದಳು. ಸಹಿ ಅವಳದು, ಬಾಯಿ ಅವನದು. ಊರಿನವರಿಗೆ ಇದು ವಿಚಿತ್ರವೆನಿಸಲಿಲ್ಲ. ಸುತ್ತಲಿನ ಪಂಚಾಯತಿಗಳಲ್ಲೂ ಗೆದ್ದ ಹೆಂಗಸರು ಹೀಗೆಯೇ ಮನೆಯಲ್ಲಿದ್ದರು. ಯಾರಾದರೂ ಕೇಳಿದರೆ ಕಿಶೋರನ ಬಳಿ ಉತ್ತರ ಸಿದ್ಧವಿತ್ತು: "ಅದು ಬಂದ್ರೆ ಮನೆ ಪಾತ್ರೆ ಯಾರು ತೊಳೆಯವು?"

ಮೊದಲು ಆ ಮಾತಿಗೆ ಅಷ್ಟು ಬಲವಿರಲಿಲ್ಲ. ಪಾತ್ರೆ ತೊಳೆಯಲು ದ್ಯಾವಮ್ಮ ಇದ್ದಳು. ಪರಿಮಳಾ ಮದುವೆಯಾಗಿ ಬರುವ ಮೊದಲಿನಿಂದಲೂ ಅವಳು ಬೆಳಿಗ್ಗೆ ಹಿತ್ತಿಲಿಗೆ ಬಂದು, ಕಲ್ಲಿನ ಮೇಲೆ ಕೂತು, ಬೂದಿ ಹಚ್ಚಿ ನಾರಿನಿಂದ ತಿಕ್ಕಿ, ಬೆಳ್ಳಗೆ ಮಾಡಿ ಕಟ್ಟೆಯ ಮೇಲೆ ಕವುಚಿ ಹಾಕಿ ಹೋಗುತ್ತಿದ್ದಳು. ಅವಳು ಹಿತ್ತಿಲಿನ ಮೆಟ್ಟಿಲು ದಾಟಿದವಳಲ್ಲ. ಅವಳು ಅತ್ತ ಹೋದಮೇಲೆ ಲಕ್ಷ್ಮೀಯೋ ಪರಿಮಳಾಳೋ ಒಂದು ಚೊಂಬು ನೀರು ಹಿಡಿದುಕೊಂಡು ಬಂದು, ತೊಳೆದಿಟ್ಟ ಪಾತ್ರೆಗಳ ಮೇಲೆಲ್ಲ ಹೊಯ್ದು, ಆಮೇಲೆ ಒಳಗೆ ಒಯ್ಯುತ್ತಿದ್ದರು. ದ್ಯಾವಮ್ಮ ತೊಳೆದದ್ದರಲ್ಲಿ ಕೊಳೆ ಉಳಿದಿರುತ್ತದೆ ಎಂದು ಅಲ್ಲ. ಅದು ಕೊಳೆಗೆ ಹೊಯ್ಯುವ ನೀರಲ್ಲ, ಕೈಗೆ ಹೊಯ್ಯುವ ನೀರು. ಸಾವಿರ ಮನೆಗಳಲ್ಲಿ ಸಾವಿರ ಚೊಂಬುಗಳು ದಿನಾ ಬೆಳಿಗ್ಗೆ ಹೀಗೆ ಖಾಲಿಯಾಗುತ್ತವೆ, ಯಾವ ಹೆಂಗಸಿಗೂ ತಾನು ಒಬ್ಬಳನ್ನು ಅವಮಾನಿಸುತ್ತಿದ್ದೇನೆ ಎಂದು ಅನಿಸುವುದಿಲ್ಲ. ಕೈಗೆ ರೂಢಿಯಾದದ್ದನ್ನು ತಲೆ ತನಿಖೆ ಮಾಡುವುದಿಲ್ಲ.

ಊರ ಶಾಲೆಯಲ್ಲಿ ಬಿಸಿಯೂಟಕ್ಕೆ ಅಡಿಗೆಯವರು ಬೇಕೆಂದಾಗ ದ್ಯಾವಮ್ಮ ಅರ್ಜಿ ಹಾಕಿದಳು, ಸಿಕ್ಕಿತು. ಹಿತ್ತಿಲಿನ ಕಲ್ಲು ಖಾಲಿಯಾಯಿತು. ಮನೆಯವರು ಮೂರು ಜನ, ಅಂಗಡಿಯ ಮೆಕ್ಯಾನಿಕ್ಕುಗಳು ಊಟಕ್ಕೆ, ಹೋಗಿ ಬರುವ ನೆಂಟರು. ಅಷ್ಟೂ ಪಾತ್ರೆ ಪರಿಮಳಾಳ ಪಾಲಿಗೆ ಬಂತು. ಕಿಶೋರನ ಸಿದ್ಧ ಉತ್ತರಕ್ಕೆ ಆಗ ಬಲ ಬಂತು. ಆದ್ದರಿಂದಲೇ ಅವಳು ಆ ಪುಸ್ತಕವನ್ನು ಸೆರಗಿನೊಳಗೆ ಇಟ್ಟುಕೊಂಡದ್ದು. ಪಾತ್ರೆಯ ನೆಪ ಕಳಚಿದರೆ ಸಭೆಗೆ ತಾನೇ ಹೋಗಬಹುದು.

ಕಿಶೋರ ಕೆಲಸದಲ್ಲಿ ಗಟ್ಟಿಗ. ಟ್ಯಾಂಕಿನಿಂದ ಪೈಪು ಎಳೆದು, ದೊಡ್ಡ ಪ್ಲಗ್ಗಿಗೆ ಬೇರೆ ವೈರು ಹಾಕಿ, ಕೊಳೆನೀರು ಹೋಗುವ ದಾರಿ ಮಾಡಿ, ಮಟ್ಟಗೋಲಿಟ್ಟು ಮಷೀನನ್ನು ಅಲುಗಾಡದಂತೆ ಕೂರಿಸಿದ. "ಉಪ್ಪು ಹಾಕಲೆ ಒಂದು ಬಾಯಿ ಇದ್ದು, ಗಡಸು ನೀರಿಗಡ. ನಮ್ಮ ಬಾವಿ ನೀರು ಮೆದು, ತೊಂದ್ರೆ ಇಲ್ಲೆ" ಎಂದು ಅದನ್ನೂ ಪರೀಕ್ಷೆ ಮಾಡಿದ. ಆದರೆ ಎಲ್ಲಿ ಕೂರಿಸುವುದೆಂದು ತೀರ್ಮಾನಿಸಿದವಳು ಲಕ್ಷ್ಮೀ. ಅಡಿಗೆಮನೆಯೊಳಗೆ ಮುಸುರೆಯ ಪೆಟ್ಟಿಗೆ ಕೂಡದು. ಅನ್ನ ಮುಟ್ಟಿದ ಪಾತ್ರೆಯೆಲ್ಲ ಮುಸುರೆಯೇ, ಅದರ ಜಾಗ ಹಿಂದಿನ ಜಗಲಿ.

ಪುಸ್ತಕದಲ್ಲಿ ಬರೆದದ್ದನ್ನು ಪರಿಮಳಾ ಅತ್ತೆಗೆ ವಿವರಿಸಿದಳು. "ಪಾತ್ರೆ ಮೊದಲೇ ತೊಳೆಯದು ಬ್ಯಾಡಡ ಅತ್ತೆ. ಉಳಿದ ಅನ್ನ, ಸಿಪ್ಪೆ ಕೆರೆದು ಹಾಕಿ, ಬಾಯಿ ಕೆಳಗೆ ಮಾಡಿ ಜೋಡ್ಸಿದ್ರೆ ಸಾಕಡ."

"ಮುಸುರೆ ಹಾಂಗೇ ಒಳಗೆ ತುಂಬದನ?" ಲಕ್ಷ್ಮೀ ಕಣ್ಣು ಅಗಲ ಮಾಡಿದಳು. "ಮಷೀನೇ ಮುಸುರೆ ಆಗ್ತಲೇ ಮಾರಾಯ್ತಿ! ಆಮೇಲೆ ಮಷೀನನ್ನ ಯಾವುದ್ರಲ್ಲಿ ಹಾಕಿ ತೊಳೀತೆ?"

ಹಾಗಾಗಿ ಮಷೀನು ಮುಸುರೆಯಾಗದಂತೆ ಪಾತ್ರೆಗಳನ್ನು ಮೊದಲು ಕಲ್ಲಿನ ಮೇಲೆ ತೊಳೆಯಬೇಕಾಯಿತು. ತೊಳೆದದ್ದನ್ನು ಮಷೀನಿನೊಳಗೆ ಜೋಡಿಸಬೇಕು. ಮಷೀನು ಒಂದೂವರೆ ತಾಸು ಗುಯ್‌ಗುಟ್ಟಿ ನಿಂತಮೇಲೆ, ಎಲ್ಲರ ಎಂಜಲು ತಟ್ಟೆಯೂ ಒಂದೇ ನೀರಿನಲ್ಲಿ ಸುತ್ತಿದ್ದರಿಂದ, ಹೊರಗೆ ತೆಗೆದು ಕಟ್ಟೆಯ ಮೇಲಿಟ್ಟು ಒಂದು ಚೊಂಬು ನೀರು ಹೊಯ್ಯಬೇಕು. ಹಾಲು, ಮಜ್ಜಿಗೆ, ತುಪ್ಪದ ಪಾತ್ರೆಗಳು ಅನ್ನದ ಪಾತ್ರೆಯ ಜೊತೆ ಸೇರುವಂತಿಲ್ಲ, ಅವಕ್ಕೆ ಕೈಯೇ ಗತಿ. ಹಿತ್ತಾಳೆಯದನ್ನು ಹಾಕಿದರೆ ಕಪ್ಪಾಗುತ್ತದೆಂದು ಪುಸ್ತಕವೇ ಬೇಡವೆಂದಿತ್ತು. ಒಟ್ಟಿನಲ್ಲಿ ಒಂದು ಸಲ ತೊಳೆಯುತ್ತಿದ್ದುದನ್ನು ಪರಿಮಳಾ ಈಗ ಮೂರು ಸಲ ತೊಳೆಯತೊಡಗಿದಳು. ಬಿಡುವು ಕೊಡಲು ಬಂದ ಯಂತ್ರ ಅವಳ ಬೆಳಗನ್ನು ಮಧ್ಯಾಹ್ನದವರೆಗೆ ಎಳೆಯಿತು.

ಒಂದು ವಿಷಯವನ್ನು ಮಾತ್ರ ಅವಳೂ ಮುಟ್ಟಲಿಲ್ಲ. ಕೆಳಗಿನ ಗೂಡಿನ ಅಡಿಯಲ್ಲಿ ಒಂದು ಜಾಲರಿ ಇದೆ, ಅದನ್ನು ತಿರುಗಿಸಿ ತೆಗೆದು ಆಗಾಗ ತೊಳೆಯಬೇಕು ಎಂದು ಚಿತ್ರಸಮೇತ ಬರೆದಿತ್ತು. ಒಂದು ದಿನ ಕೈ ಚಾಚಿದವಳು, ಕಲ್ಲಿನ ಮೇಲಿನ ಅವಸರದ ತೊಳೆತದಲ್ಲಿ ಉಳಿದು ಅದರ ಮೇಲೆ ಅಂಟಿದ ಹಳೆಯ ಅನ್ನದ ಅಗುಳು ಕಂಡು ಕೈ ಹಿಂದೆ ತೆಗೆದಳು. ಬೇರೆಯವರು ಬಂದು ಮಾಡುವ ಕೆಲಸ ಅದು ಎಂದು ಅವಳ ಕೈಗೆ ಅನಿಸಿತು. ಯಾರು ಆ ಬೇರೆಯವರು ಎಂದು ಅವಳು ಕೇಳಿಕೊಳ್ಳಲಿಲ್ಲ. ಬರಬರುತ್ತ ಮಷೀನಿನ ಬಾಗಿಲು ತೆರೆದರೆ ಹುಳಿ ವಾಸನೆ ಬರತೊಡಗಿತು. ತಟ್ಟೆಗಳ ಮೇಲೆ ಮಸುಕು ಮಸುಕು ಕಲೆ ಉಳಿಯತೊಡಗಿತು.

"ಆನು ಹೇಳಿದ್ನಲೆ" ಎಂದಳು ಲಕ್ಷ್ಮೀ.

ಒಂದು ಸಂಜೆ, ಶಾಲೆ ಬಿಟ್ಟಮೇಲೆ ದ್ಯಾವಮ್ಮ ಬಂದಳು. ಹಿತ್ತಿಲಿನ ಮೆಟ್ಟಿಲಲ್ಲಿ ತಾನು ಯಾವಾಗಲೂ ಕೂರುವ ಜಾಗದಲ್ಲಿ ಕೂತಳು. ಪರಿಮಳಾ ಆಗ ಮಷೀನಿನಿಂದ ತೆಗೆದ ತಟ್ಟೆಗಳ ಮೇಲೆ ಚೊಂಬಿನಿಂದ ನೀರು ಹೊಯ್ಯುತ್ತಿದ್ದಳು. ದ್ಯಾವಮ್ಮ ಅದನ್ನೇ ನೋಡುತ್ತ ಕೂತು, ಬಾಯಿಗೆ ಸೆರಗು ಅಡ್ಡ ಹಿಡಿದು ನಗತೊಡಗಿದಳು.

"ಎಂತಕ್ಕೆ ನಗ್ತೆ?"

"ಅಲ್ಲ ಅಮ್ಮಾ, ನಾ ಬಿಟ್ಟು ಹೋದ್ರೂ ನೀವು ನೀರು ಹೊಯ್ಯದು ಬಿಟ್ಟಿಲ್ವಲ್ರಾ! ಈ ಮಿಷನ್ನು ಯಾವ ಜಾತಿದು?"

ಪರಿಮಳಾಳ ಕೈಯಲ್ಲಿ ಚೊಂಬು ಓರೆಯಾಗಿ ಹಾಗೆಯೇ ನಿಂತಿತು. ನೀರು ಅವಳ ಪಾದದ ಮೇಲೆ ಹರಿಯಿತು. ಒಳಗಿನಿಂದ ಲಕ್ಷ್ಮೀಯ ದನಿ ಬಂತು: "ದ್ಯಾವೀ, ಶಾಲೆಗೆ ಹೋಗಲೆ ಹಿಡಿದ ಮೇಲೆ ನಿನ್ನ ಬಾಯಿ ಉದ್ದ ಆಯ್ದು."

"ಹೌದ್ರಾ ದೊಡ್ಡಮ್ಮಾ, ಈಗ ಸರ್ಕಾರಿ ಬಾಯಿ" ಎಂದಳು ದ್ಯಾವಮ್ಮ. ಆಮೇಲೆ ದನಿ ತಗ್ಗಿಸಿದಳು. "ಅದೂ ಇನ್ನೆಷ್ಟು ದಿನವೋ. ನಾಲ್ಕಾರು ಮನೆ ಮಕ್ಕಳು ಮನೆಯಿಂದ ಡಬ್ಬಿ ತರ್ತಾವೆ. ನಾ ಬೇಯ್ಸಿದ್ದು ಉಣ್ಬಾರ್ದು ಅಂತ ಹೇಳಿ ಕಳಿಸ್ತಾರಂತೆ. ಈ ಗುರುವಾರ ಪಂಚಾಯ್ತಿಲಿ ಮೀಟಿಂಗು. ನನ್ನ ಅಡಿಗೆಯಿಂದ ಬಿಡ್ಸಿ ಪಾತ್ರೆ ತೊಳೆಯಾಕೆ ಹಾಕ್ತಾರಂತೆ. ಅಡಿಗೆಗೆ ಬೇರೆಯವರಂತೆ. ಹೆಗಡೇರೂ ಒಪ್ಪಿದಾರೆ ಅಂದ್ರು."

"ಯಾವ ಹೆಗಡೇರು?"

"ಯಾವ ಹೆಗಡೇರು ಅಂದ್ರೆ? ನಿಮ್ಮನೆಯವ್ರೇ ಅಮ್ಮಾ." ದ್ಯಾವಮ್ಮ ಅವಳ ಮುಖ ನೋಡಿದಳು. "ಮೆಂಬ್ರು ನೀವಲ್ವಾ? ನಿಮ್ಗೆ ಗೊತ್ತಿರ್ತದೆ ಅಂದ್ಕಂಡು ಬಂದೆ."

ಪರಿಮಳಾಳಿಗೆ ಗೊತ್ತಿರಲಿಲ್ಲ. ಅವಳ ಹೆಸರಿನಲ್ಲಿ ಏನೇನು ಒಪ್ಪಿಗೆಯಾಗುತ್ತದೆ ಎಂಬುದು ಅವಳಿಗೆ ಗೊತ್ತಾಗುತ್ತಿದ್ದುದು ಸಹಿ ಹಾಕುವಾಗ. ಆಗಲೂ ಪುಸ್ತಕ ನೆನೆಯಬಾರದೆಂದು ಬೇಗ ಬೇಗ ಹಾಕಿಬಿಡುತ್ತಿದ್ದಳು.

"ಪಾತ್ರೆ ತೊಳೆಯಾಕೆ ನಂಗೇನೂ ನಾಚ್ಕೆ ಇಲ್ಲ" ಎಂದಳು ದ್ಯಾವಮ್ಮ ಏಳುತ್ತ. "ಆದ್ರೆ ಬಡಿಸುವಾಗ ಮಕ್ಕಳು ದ್ಯಾವಕ್ಕಾ ಇನ್ನೊಂಚೂರು ಸಾರು ಅಂತಾವೆ. ಅದ್ನ ಬಿಟ್ಟು ಮತ್ತೆ ಕಲ್ಲಿಗೆ ಬಂದು ಕೂರಾಕೆ ಮನಸಿಲ್ಲ."

ಕಿಶೋರ ಬಂದು ಕೈಯ ಗ್ರೀಸು ತೊಳೆಯುತ್ತಿದ್ದಾಗ ಪರಿಮಳಾ ಹೇಳಿದಳು: "ಗುರುವಾರದ ಮೀಟಿಂಗಿಗೆ ಆನು ಹೋಗ್ತೆ."

"ಎಂತಕ್ಕೆ?"

"ಮೆಂಬರು ಆನು ಅಲ್ದನ?"

ಅವನು ಸೋಪಿನ ಕೈಯನ್ನೇ ನೋಡಿಕೊಂಡ. "ದ್ಯಾವಮ್ಮ ಬಂದಿತ್ತನ? ಅದ್ರ ಕೆಲಸ ಎಂತ ಹೋಗ್ತಿಲ್ಲೆ ಮಾರಾಯ್ತಿ. ಪಾತ್ರೆ ತೊಳೆಯ ಕೆಲಸ ಕೊಡ್ತ. ಅದಕ್ಕೆ ರೂಢಿ ಇದ್ದಲ. ಇತ್ಲಾಗೆ ಮಕ್ಕಳೂ ಉಣ್ತ. ಎರಡೂ ಕಡೆಯವರಿಗೆ ಸಮಾಧಾನ. ಮೆಂಬರು ಪರಮೇಶ್ವರಪ್ಪಂಗೆ ಆನು ಹೂಂ ಹೇಳಿ ಆಯ್ದು."

"ಆನು ಹೂಂ ಹೇಳಿದ್ನಿಲ್ಲೆ."

ಕಿಶೋರ ಕೆಟ್ಟವನಲ್ಲ. ಹೆಂಡತಿಗೆ ಎಂದೂ ದನಿಯೇರಿಸಿದವನಲ್ಲ. ಎಲ್ಲರ ಬಾವಿಗೂ ಇಳಿಯುವವನು, ಯಾರನ್ನೂ ಎದುರು ಹಾಕಿಕೊಳ್ಳಲಾರ. ಯಾರೋ ಒಬ್ಬರ ಬೆನ್ನು ಬಗ್ಗಿದರೆ ಉಳಿದವರೆಲ್ಲ ಆರಾಮಾಗಿ ನಿಲ್ಲಬಹುದಾದರೆ ಅದನ್ನೇ ಹೊಂದಾಣಿಕೆ ಎಂದು ಕರೆಯುವವರು ನಮ್ಮಲ್ಲಿ ಬಹಳ. ಅವರಲ್ಲಿ ಅವನೂ ಒಬ್ಬ.

"ಸರಿ" ಎಂದ ಕಡೆಗೆ, ನಗುತ್ತ. "ಗುರುವಾರ ಮೀಟಿಂಗಿನೊಳಗೆ ನಿನ್ನ ಪಾತ್ರೆ ಮುಗಿದ್ರೆ ನೀನೇ ಹೋಗು. ಮುಗೀದೇ ಇದ್ರೆ ಆನು. ಆಗ್ಲನ?"

ಮುಗಿಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಬುಧವಾರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಹೆಗಡೆಕಟ್ಟಾದಿಂದ ಅವನ ಅಕ್ಕನ ಮನೆಯವರು ಬಂದು, ಉಳಿದು, ಗುರುವಾರ ಬೆಳಿಗ್ಗೆ ದೋಸೆ ತಿಂದು ಹೋದರು. ಅವರನ್ನು ಬಸ್ಸಿಗೆ ಕಳಿಸಿ ಪರಿಮಳಾ ಹಿಂದಿನ ಜಗಲಿಗೆ ಬಂದು ನೋಡಿದಾಗ ಹಿಂದಿನ ದಿನದ ಪಾಯಸದ ಪಾತ್ರೆ, ಸಾರಿನ ಪಾತ್ರೆ, ಬೆಳಗಿನ ತಟ್ಟೆ ಲೋಟ ಎಲ್ಲ ಸೇರಿ ಕಟ್ಟೆಯಿಂದ ಕೆಳಗಿಳಿದಿದ್ದವು.

ಅವಳು ಕಲ್ಲಿನ ಕಡೆ ಹೋಗಲಿಲ್ಲ. ಪುಸ್ತಕದಲ್ಲಿ ಬರೆದ ಹಾಗೆ ಮಾಡಿದಳು. ಉಳಿದದ್ದನ್ನೆಲ್ಲ ಕೆರೆದು ಗೊಬ್ಬರದ ಬುಟ್ಟಿಗೆ ಹಾಕಿದಳು. ತೊಳೆಯಲಿಲ್ಲ. ದೊಡ್ಡ ಪಾತ್ರೆಗಳನ್ನು ಕೆಳಗಿನ ಗೂಡಿನಲ್ಲಿ ಬಾಯಿ ಕೆಳಗೆ ಮಾಡಿ, ತಟ್ಟೆಗಳನ್ನು ಒಂದಕ್ಕೊಂದು ಅಂಟದಂತೆ ನಿಲ್ಲಿಸಿ, ಲೋಟಗಳನ್ನು ಮೇಲಿಟ್ಟಳು. ಹಾಲಿನ ಪಾತ್ರೆ ಕೈಗೆ ಬಂತು. ಅದನ್ನೂ ಮೇಲಿನ ಗೂಡಿನಲ್ಲೇ ಕವುಚಿದಳು.

"ಹಾಲಿನ ಪಾತ್ರೆ ಅದು!" ಬಾಗಿಲಲ್ಲಿ ನಿಂತಿದ್ದ ಲಕ್ಷ್ಮೀ ಕೂಗಿದಳು.

"ಹೌದು ಅತ್ತೆ."

ಮಷೀನಿನ ಪುಡಿ ಹಾಕಿ, ಬಾಗಿಲು ಮುಚ್ಚಿ, ಗುಂಡಿ ಒತ್ತಿದಳು. ನೀರು ತುಂಬುವ ಸದ್ದು, ಒಳಗೆ ರೆಕ್ಕೆ ತಿರುಗಿ ಪಾತ್ರೆಗೆ ನೀರು ಬಡಿಯುವ ಸದ್ದು. ಇದರ ಬುಡದಲ್ಲಿ ನಿಂತು ಕಾಯಬೇಕಾದ್ದೇ ಇಲ್ಲ ಎಂಬುದು ಅವಳಿಗೆ ಇಷ್ಟು ದಿನ ಹೊಳೆದೇ ಇರಲಿಲ್ಲ. ಸೀರೆ ಬದಲಿಸಲು ಒಳಗೆ ಹೋದಳು. ಪಿನ್ನು ಹಾಕಿಕೊಳ್ಳುತ್ತಿದ್ದಾಗ ಹೊರಗೆ ಸದ್ದು ಬದಲಾಯಿತು. ಮೋಟರು ಗುಂಯ್ ಎಂದು ಕೊರಗಿ, ನಿಂತಿತು. ಓಡಿ ಬಂದು ನೋಡಿದರೆ ಕೆಂಪು ದೀಪ ಮಿಟುಕುತ್ತಿತ್ತು. ಬಾಗಿಲು ತೆರೆದರೆ ಬುಡದಲ್ಲಿ ಬೂದು ಬಣ್ಣದ ನೀರು ನಿಂತಿತ್ತು, ಪಾತ್ರೆಗಳ ಅರ್ಧ ಮುಸುರೆ ಹಾಗೆಯೇ ಇತ್ತು.

ಬಿಳಿ ಅಂಗಿ ಹಾಕಿಕೊಂಡು ಕಿಶೋರ ಹಿಂದಿನ ಜಗಲಿಗೆ ಬಂದ. ನೋಡಿದ. ಗೆದ್ದವನ ಹಾಗೆ ನಗದಿರುವಷ್ಟು ಸಭ್ಯತೆ ಅವನಿಗಿತ್ತು. "ಇರ್ಲಿ ಬಿಡು. ಆನೇ ಹೋಗಿ ಬತ್ತೆ. ನೀ ಇದನ್ನೆಲ್ಲ ತೆಗೆದು ಕಲ್ಲಿಗೆ ಹಾಕ್ಯ."

"ಆನು ಆ ದಿನವೇ ಹೇಳಿದ್ದೆ" ಎಂದು ಲಕ್ಷ್ಮೀ ಮತ್ತೆ ಶುರು ಮಾಡಿದಳು. "ಮುಸುರೆ ಹಾಂಗೇ ತುಂಬಡ, ಹಾಲಿಂದು ಹಾಕಡ..."

ಪರಿಮಳಾ ನಿಂತ ನೀರನ್ನೇ ನೋಡುತ್ತ ಗಂಡನನ್ನು ಕೇಳಿದಳು: "ಒಂದು ಗಿರಾಕಿ ಫೋನ್ ಮಾಡ್ತ ಹೇಳಿ ಇಟ್ಗಳಿ. ಮೋಟ್ರು ಗುಂಯ್ ಹೇಳ್ತು, ನೀರು ಎಳೀತಿಲ್ಲೆ ಹೇಳ್ತ. ಮೊದ್ಲು ಎಂತ ನೋಡು ಹೇಳ್ತ್ರಿ?"

"ಫುಟ್‌ವಾಲ್ವು" ಎಂದ ಕಿಶೋರ, ಯೋಚಿಸದೆ. "ಪೈಪಿನ ಬುಡದ ಜಾಲರಿಗೆ ಕಸ ಕಟ್ಟಿರ್ತು. ಹತ್ತರಲ್ಲಿ ಒಂಬತ್ತು ಸಲ ಅದೇ."

ಅವಳು ಹೊಸ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಕ್ಕರಗಾಲಲ್ಲಿ ಕೂತಳು. ಕೆಳಗಿನ ಗೂಡನ್ನು ಎಳೆದು ಬದಿಗಿಟ್ಟಳು. ಬೂದು ನೀರಿನೊಳಗೆ ಮೊಣಕೈವರೆಗೆ ಕೈ ಇಳಿಸುವಾಗ ಒಂದು ಕ್ಷಣ ಬೆರಳುಗಳು ಹಿಂಜರಿದವು. ಅವು ತನ್ನ ಬೆರಳುಗಳೇ ಎಂದು ಅವಳಿಗೆ ಗೊತ್ತಾಯಿತು. ಇಳಿಸಿದಳು. ಜಾಲರಿ ಸಿಕ್ಕಿತು. ತಿರುಗಿಸಿ ಮೇಲೆತ್ತಿದಳು. ಪಾಯಸದ ಶಾವಿಗೆ ಅದಕ್ಕೆ ಗೋಂದಿನಂತೆ ಅಂಟಿಕೊಂಡಿತ್ತು. ಅದರ ಅಡಿಯಲ್ಲಿ ಇಷ್ಟು ದಿನದ ಒಗ್ಗರಣೆಯ ಸಾಸಿವೆ, ಕರಿಬೇವಿನ ದಂಟು, ತೆಂಗಿನಕಾಯಿಯ ಚೂರು, ಲಿಂಬೆ ಬೀಜ, ಕೊಳೆತ ಅಗುಳು. ಅವಳು ಎದ್ದು ಅದನ್ನು ಗಂಡನ ಮುಂದೆ ಹಿಡಿದಳು.

"ಇದು ನಿಂಗಳ ಕಸುಬು."

ಕಿಶೋರ ಒಂದು ಹೆಜ್ಜೆ ಹಿಂದೆ ಸರಿದ. "ಏ, ಅದು ಮುಸುರೆ!"

"ಮೊನ್ನೆ ಹೇರೂರಿನ ಬಾವಿಯೊಳಗೆ ಜಾಲರಿಯಿಂದ ಕೈಯಲ್ಲೇ ಕಿತ್ತು ತೆಗೆದಿದ್ದು ಎಂತದು?"

"ಅದು ಸತ್ತ ಕಪ್ಪೆ."

"ಸತ್ತ ಕಪ್ಪೆಗಿಂತ ನಮ್ಮನೆ ಶಾವಿಗೆ ಹೊಲಸನ?"

ಲಕ್ಷ್ಮೀ ಮುಂದೆ ಬಂದಳು. "ಗಂಡಸಿನ ಕೈಲಿ ಮುಸುರೆ ಮುಟ್ಟಿಸ್ತೆಯನೇ ಪರಿಮಳಾ!"

"ಹಂಗಾರೆ ಯಾರು ಮುಟ್ಟವು ಅತ್ತೆ, ಹೇಳಿ?" ಪರಿಮಳಾ ತಣ್ಣಗೆ ಕೇಳಿದಳು. "ಆನು ಮುಟ್ಟಿದ್ದೆ, ಎಂತೂ ಆಜಿಲ್ಲೆ. ನಿಂಗ ಮುಟ್ಟದಿಲ್ಲೆ. ಇವ್ರು ಮುಟ್ಟದಿಲ್ಲೆ. ಉಳಿದಿದ್ದು ದ್ಯಾವಮ್ಮ. ಅದನ್ನ ಕರೆದು ಕೂರ್ಸನ ಹೇಳಿಯೇ ಅಲ್ಲೂ ಇವತ್ತು ಮೀಟಿಂಗು ಮಾಡ್ತಾ ಇದ್ದ. ಅದಕ್ಕೇ ಆನು ಹೋಗದು."

ಅವಳು ಜಾಲರಿಯನ್ನು ಗಂಡನ ಕೈಯಲ್ಲಿಟ್ಟಳು. ಬೀಳಬಾರದೆಂದು ಅವನು ಹಿಡಿದುಕೊಂಡ. ನೀರು ಬಿಳಿ ಅಂಗಿಯ ತೋಳಿನ ಮೇಲೆ ಇಳಿಯಿತು. ಪರಿಮಳಾ ನಲ್ಲಿಯಲ್ಲಿ ಕೈ ತೊಳೆದು, ಒರೆಸಿ, ಚೀಲ ತೆಗೆದುಕೊಂಡು ಅಂಗಳಕ್ಕೆ ಇಳಿದಳು. ಬೆನ್ನ ಹಿಂದೆ ಅತ್ತೆಯ ಮಾತು ಕೇಳುತ್ತಿತ್ತು, ಗಂಡನ ಮಾತು ಕೇಳುತ್ತಿರಲಿಲ್ಲ. ತಿರುಗಿ ನೋಡಿದರೆ ಕಾಲು ನಿಂತುಬಿಡಬಹುದು ಎಂದು ನೋಡಲಿಲ್ಲ. ಬೇಲಿಯ ದಣಪೆ ದಾಟುವಾಗ ಅವನ ದನಿ ಬಂತು.

"ಪರಿಮಳಾ! ಇದು ಒತ್ತಿ ಕೂರಿಸದನ, ತಿರುಗ್ಸಿ ಕೂರಿಸದನ?"

ಆಗ ನಿಂತಳು. "ತಿರುಗ್ಸಿ! ಬಾಣದ ಗುರ್ತು ಇದ್ದು ನೋಡಿ. ಹಳೇ ಬ್ರಶ್ಶಲ್ಲಿ ಉಜ್ಜಿ. ರೆಕ್ಕೆಯ ತೂತು ಕಟ್ಟಿದ್ರೆ ಕಡ್ಡಿ ಹಾಕಿ ಬಿಡ್ಸಿ. ಪಾತ್ರೆ ಇಟ್ಟ ಮೇಲೆ ರೆಕ್ಕೆ ಕೈಯಲ್ಲಿ ಒಂದು ಸುತ್ತು ತಿರುಗ್ಸಿ, ಸೌಟು ಅಡ್ಡ ಬರಲಾಗ."

"ಮುಗಿದ್ ಮೇಲೆ?"

"ಬಾಗಲು ಚೂರು ತೆರೆದಿಡಿ, ಬಿಸಿಗೆ ತನ್ನಷ್ಟಕ್ಕೆ ಆರ್ತು. ನೀರು ಗೀರು ಹೊಯ್ಯಡಿ."

ಪಂಚಾಯತಿ ಕಚೇರಿಯಲ್ಲಿ ಸಭೆ ಆಗಲೇ ಶುರುವಾಗಿತ್ತು. ಮೇಜಿನ ನಡುವೆ ಅಧ್ಯಕ್ಷೆ ದುರ್ಗಮ್ಮ ತಲೆ ತಗ್ಗಿಸಿ ಕೂತಿದ್ದಳು. ದ್ಯಾವಮ್ಮನ ಕೇರಿಯವಳೇ. ಅವಳ ಕುರ್ಚಿಗೆ ತಾಗಿಸಿ ಕುರ್ಚಿ ಹಾಕಿಕೊಂಡು ಗಂಡ ಕೆರಿಯ ಕೂತಿದ್ದ. ಅಲ್ಲಿ ಮಾತಾಡುವವನು ಅವನು. ಬಾಗಿಲಲ್ಲಿ ಪರಿಮಳಾಳನ್ನು ಕಂಡು ಎಲ್ಲರ ಕಣ್ಣೂ ಅವಳ ಹಿಂದೆ ಕಿಶೋರನನ್ನು ಹುಡುಕಿದವು.

"ಬರ್ರಿ ಅಕ್ಕಾರ" ಎಂದ ಪರಮೇಶ್ವರಪ್ಪ. ಬನವಾಸಿ ಕಡೆಯಿಂದ ಬಂದು ಇಲ್ಲಿ ಜಮೀನು ಮಾಡಿದ ಮೆಂಬರು, ಮಾತು ಮೆದು. "ಹೆಗಡೇರಿಗೆ ಆರಾಮಿಲ್ಲೇನ್ರಿ?"

"ಆರಾಮಿದ್ದಾರೆ. ಮನೆಯಲ್ಲಿ ಕೆಲಸ ಇತ್ತು, ಪಾತ್ರೆ ತೊಳೀತಿದ್ದಾರೆ."

ಎಲ್ಲರೂ ನಕ್ಕರು. ತಮಾಷೆ ಎಂದುಕೊಂಡರು. ಗಂಡ ಕೂರುತ್ತಿದ್ದ ಕುರ್ಚಿ ಯಾವುದೆಂದು ಅವಳಿಗೆ ಗೊತ್ತಿರಲಿಲ್ಲ. ಖಾಲಿಯಿದ್ದುದರಲ್ಲಿ ಕೂತಳು.

ಪರಮೇಶ್ವರಪ್ಪ ವಿಷಯ ಎತ್ತಿದ. "ಬಿಸಿಯೂಟದ್ದು ಎಲ್ಲಾರೂ ಮಾತಾಡಿದ್ದಾತು. ದ್ಯಾವಮ್ಮನ್ನ ತೆಗೆಯೂದು ಬ್ಯಾಡ. ಬಡವಿ, ಪಾಪ. ಪಾತ್ರಿ ತೊಳೆಯೂ ಕೆಲಸ ಕೊಡೋಣು. ಅಡಿಗಿಗೆ ಬ್ಯಾರೇ ಒಬ್ಬರನ್ನ ನೋಡೋಣು. ಹೆಗಡೇರೂ ಒಪ್ಯಾರ."

"ಒಪ್ಪಿದ್ದು ಅವರು" ಎಂದಳು ಪರಿಮಳಾ. "ಅವರು ಮೆಂಬರಲ್ಲ. ನಾನು ಒಪ್ಪಿಲ್ಲ."

ಕೆರಿಯ ಕೆಮ್ಮಿದ. ಪರಿಮಳಾ ಒಂದೊಂದೇ ಮಾತು ಹೇಳಿದಳು. "ದ್ಯಾವಮ್ಮನ ಅಡಿಗೆ ಚೊಲೋ ಇಲ್ವಾ?"

"ಅಡಿಗಿ ಛಲೋನೇ ಐತ್ರಿ."

"ಚೊಕ್ಕ ಇಲ್ವಾ?"

"ಹಂಗಲ್ರಿ ಅಕ್ಕಾರ..."

"ಅವಳು ತೊಳೆದ ಪಾತ್ರೆಯಲ್ಲಿ ಬೇರೆಯವರು ಬೇಯಿಸಿದ್ರೆ ಮಕ್ಕಳು ಉಣ್ತಾರೆ. ಅವಳೇ ಬೇಯಿಸಿದ್ರೆ ಉಣ್ಣೂದಿಲ್ಲ. ಅದು ಹ್ಯಾಗೆ?"

"ಅವರು ಪಾತ್ರಿ ತಗೊಳ್ಳೂ ಮುಂದ ಒಂದೀಟು ನೀರು ಹಾಕ್ಕೊಂತಾರಲ್ರಿ. ನಿಮ್ಮ ಮನ್ಯಾಗೂ ಹಂಗ ಅಲ್ಲೇನ್ರಿ?"

"ಹಾಕ್ತಿದ್ವಿ. ಯಾಕೆ ಹಾಕ್ತಾರೆ ಅದನ್ನ?"

"ಯಾಕ ಅಂದ್ರ..." ಎಂದು ಪರಮೇಶ್ವರಪ್ಪ ಬಾಯಿ ತೆರೆದ. ಅವನ ಎದುರಿಗೆ ದುರ್ಗಮ್ಮ ಕೂತಿದ್ದಳು. ಪಕ್ಕದಲ್ಲಿ ಕೆರಿಯ ಕೂತಿದ್ದ. ಮನೆಯ ಹಿತ್ತಿಲಿನಲ್ಲಿ, ಶಾಲೆಯ ಬೇಲಿಯಾಚೆ, ಅಂಗಡಿಯ ಕಟ್ಟೆಯ ಮೇಲೆ ಯಾವ ತಡೆಯೂ ಇಲ್ಲದೆ ಬರುವ ಮಾತು ಆ ಮೇಜಿನ ಮುಂದೆ ಗಂಟಲಿನಲ್ಲಿ ಸಿಕ್ಕಿಕೊಂಡಿತು.

"ಹೇಳಿ" ಎಂದಳು ಪರಿಮಳಾ. "ಯಾಕೆ ಅನ್ನೂದನ್ನ ಹೇಳಿ, ಕಾರ್ಯದರ್ಶಿಗಳು ಠರಾವಿನಲ್ಲಿ ಬರ್ಕೊಳ್ಳಲಿ. ಈ ಕಾರಣಕ್ಕಾಗಿ ದ್ಯಾವಮ್ಮನನ್ನು ಅಡಿಗೆಯಿಂದ ಬಿಡಿಸಲಾಯಿತು ಅಂತ. ಆಮೇಲೆ ನಾವೆಲ್ಲ ಸಹಿ ಹಾಕೂಣ."

ಕಾರ್ಯದರ್ಶಿ ಪೆನ್ನಿನ ಮುಚ್ಚಳ ತೆಗೆದವನು ಮತ್ತೆ ಹಾಕಿದ. ಕಡೆಗೆ ಕೆರಿಯನೇ ಬಾಯಿಬಿಟ್ಟ. "ಹೋಗ್ಲಿ ಬಿಡಿ ಹೆಗಡ್ತಮ್ಮಾ. ಊರಂದ್ಮೇಲೆ ಎಲ್ಲ ಇರ್ತದೆ. ಇದ್ನ ಮುಂದಿನ ಮೀಟಿಂಗಿಗೆ ಇಡಾಣ."

ಪರಮೇಶ್ವರಪ್ಪ ಉಸಿರು ಬಿಟ್ಟ. "ಹೌದ್ರಿ, ಅದ ಛಲೋ."

ಹಾಗೆಂದರೆ ಏನೆಂದು ಪರಿಮಳಾಳಿಗೆ ಗೊತ್ತಿತ್ತು. ಮುಂದಿನ ಸಭೆಯ ಹೊತ್ತಿಗೆ ಎಲ್ಲರೂ ಹೊರಗೇ ಮಾತಾಡಿಕೊಂಡು ಬಂದಿರುತ್ತಾರೆ. ಆಗ ಮೇಜಿನ ಮುಂದೆ ಯಾರೂ ಏನನ್ನೂ ಹೇಳಬೇಕಾಗುವುದಿಲ್ಲ. ಅವಳು ಅಧ್ಯಕ್ಷೆಯ ಕಡೆ ನೋಡಿದಳು. ದುರ್ಗಮ್ಮ ತಲೆ ಎತ್ತಿದ್ದಳು. ಅವಳ ಕಣ್ಣು ಪರಿಮಳಾಳ ಮೇಲಲ್ಲ, ಪರಿಮಳಾ ಕೂತಿದ್ದ ಕುರ್ಚಿಯ ಅಕ್ಕಪಕ್ಕದ ಖಾಲಿ ಜಾಗದ ಮೇಲಿತ್ತು. ಅಲ್ಲಿ ಯಾವ ಗಂಡಸಿನ ಕುರ್ಚಿಯೂ ಇರಲಿಲ್ಲ.

"ಕೇಳ್ತಾ?" ಎಂದಳು ದುರ್ಗಮ್ಮ, ಗಂಡನಿಗೆ. ದನಿ ಅಷ್ಟು ಸಣ್ಣದಿತ್ತು, ಮೊದಲು ಅವನಿಗೇ ಕೇಳಲಿಲ್ಲ. "ನೀವು ಒಂಚೂರು ಹೊರಗೆ ಕೂತ್ಕಳಿ."

"ಎಂತಕೆ?"

"ಮೀಟಿಂಗು ನಡೀತಾ ಅದೆ. ಮೆಂಬ್ರು ಅಲ್ದವರು ಹೊರಗೆ ಕೂರ್ಬೇಕಂತೆ. ಅಮ್ಮ ಈಗ ಹೇಳಿದ್ರಲ್ಲ."

ಯಾರೋ ಕಿಸಕ್ಕೆಂದರು. ಕೆರಿಯ ಸುತ್ತ ನೋಡಿದ, ಏಳಲೋ ಬೇಡವೋ ಎಂದು ಕುರ್ಚಿಯ ಕೈಯನ್ನು ಎರಡು ಸಲ ಒತ್ತಿ, ಎದ್ದ. ಹೊರಗಿನ ಕಟ್ಟೆಯ ಮೇಲೆ ಅವನ ಬೀಡಿಯ ಕಡ್ಡಿ ಗೀರಿದ ಸದ್ದು ಕೇಳಿತು. ದುರ್ಗಮ್ಮ ಮೇಜಿನ ಮೇಲೆ ಎರಡೂ ಕೈ ಇಟ್ಟುಕೊಂಡಳು.

"ದ್ಯಾವಕ್ಕ ಅಡಿಗೆನೇ ಮಾಡ್ಲಿ" ಎಂದಳು. "ಬ್ಯಾಡ ಅನ್ನವ್ರು ಯಾಕೆ ಬ್ಯಾಡ ಅಂತ ಈಗ್ಲೇ ಹೇಳಿ. ನಾ ಕೂತಿದೀನಿ, ನನ್ನ ಮುಖ ನೋಡ್ಕಂಡು ಹೇಳಿ."

ಪರಮೇಶ್ವರಪ್ಪ ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡ. ಕಾರ್ಯದರ್ಶಿ ದುರ್ಗಮ್ಮನ ಮುಖ ನೋಡಿದ, ಅಭ್ಯಾಸಬಲದಿಂದ ಪಕ್ಕದ ಖಾಲಿ ಕುರ್ಚಿಯನ್ನೂ ನೋಡಿದ, ಆಮೇಲೆ ಬರೆದುಕೊಂಡ. ಬರೆದದ್ದನ್ನು ಓದಿ ಹೇಳಿ ಎಂದು ಪರಿಮಳಾ ಕೇಳಿದಳು. ಓದಿದ. ಸರಿಯಾಗಿತ್ತು. ಅವಳು ಅಲ್ಲಿಯೇ, ಒಣಗಿದ ಕೈಯಲ್ಲಿ, ನಿಧಾನವಾಗಿ ಸಹಿ ಹಾಕಿದಳು.

"ನಿಮ್ಮ ಕೆಲಸ ಆತಲ್ರಿ ಅಕ್ಕಾರ" ಎಂದ ಪರಮೇಶ್ವರಪ್ಪ. ಮಾತಿನ ಮೆದು ಸ್ವಲ್ಪ ಕಡಿಮೆಯಾಗಿತ್ತು. "ಉಳದದ್ದು ಬರೇ ಪೈಪು, ಬೀದಿದೀಪ. ಮನಿಗೆ ಹೊತ್ತಾಗತೈತಿ ನಿಮಗ."

"ಹೊತ್ತೆಂತ ಆಗೂದಿಲ್ಲ" ಎಂದಳು ಪರಿಮಳಾ, ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಳ್ಳುತ್ತ. "ಪೈಪು ಎಲ್ಲಿ ಒಡೆದದ್ದು?"